ಕತ್ತಿನ ಆಪರೇಷನ್ ಆಗಿ ಐದು ವರ್ಷದ ಮೇಲೆ ಮತ್ತೆ ನೋವು, ಜೋಮು: ಪ್ಲೇಟು ತೆಗೆಸಬೇಕೇ?

ಪ್ರಶ್ನೆ: ಡಾಕ್ಟರೇ, ನನಗೆ 56 ವರ್ಷ. ದಾವಣಗೆರೆ ಹತ್ತಿರದ ಪ್ರೌಢಶಾಲೆಯಲ್ಲಿ ಮೇಷ್ಟ್ರು. ಐದು ವರ್ಷದ ಹಿಂದೆ ಕತ್ತಿನ ಮುಂದಿನಿಂದ ಆಪರೇಷನ್ ಮಾಡಿ, ಸಿ5-ಸಿ6 ಮತ್ತು ಸಿ6-ಸಿ7, ಅಂದರೆ ಕತ್ತಿನ ಐದು, ಆರು, ಏಳನೇ ಮೂಳೆಗಳ ನಡುವೆ, ಎರಡೂ ಕಡೆ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ತೆಗೆದು ಕೇಜ್ (ಆ ಜಾಗಕ್ಕೆ ತುಂಬುವ ಚಿಕ್ಕ ಚೌಕಟ್ಟು), ಪ್ಲೇಟು, ಸ್ಕ್ರೂ ಹಾಕಿದರು. ಆಗ ಎಡಗೈಯ ಹೆಬ್ಬೆರಳು, ಮಧ್ಯದ ಬೆರಳಿನವರೆಗೆ ಬರುತ್ತಿದ್ದ ನೋವು ಪೂರ್ತಿ ಹೋಯಿತು. ನಾಲ್ಕು ವರ್ಷ ಚೆನ್ನಾಗಿದ್ದೆ. ಈಗ ಎಂಟು ತಿಂಗಳಿಂದ ಕತ್ತಿನ ಬುಡದಲ್ಲಿ, ಎಡ ಭುಜದಲ್ಲಿ ನೋವು. ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಮೂರು ತಿಂಗಳಿಂದ ರೊಟ್ಟಿ, ಮಂಡಕ್ಕಿ ತಿಂದರೆ ಗಂಟಲಲ್ಲಿ ನಿಂತ ಹಾಗೆ ಆಗುತ್ತದೆ. ಒಬ್ಬ ಡಾಕ್ಟರು ಪ್ಲೇಟು ಸಡಿಲ ಆಗಿರಬಹುದು, ಮತ್ತೆ ಆಪರೇಷನ್ ಬೇಕಾಗಬಹುದು ಅಂದರು. ಇನ್ನೊಬ್ಬರು ಬರೀ ಗ್ಯಾಸ್ಟ್ರಿಕ್ ಅಂದರು. ಹತ್ತು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ತೀನಿ. ಪ್ಲೇಟು ತೆಗೆಸಬೇಕೇ? ಆಗಲೇ ಕೃತಕ ಡಿಸ್ಕ್ ಹಾಕಿಸಿದ್ದರೆ ಹೀಗಾಗುತ್ತಿರಲಿಲ್ಲವೇ? ಮುಂದಿನ ತಿಂಗಳು ಮನೆಯವರೆಲ್ಲ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೇವೆ. ನಾನು ಹೋಗಬಹುದೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು "ನಾಲ್ಕು ವರ್ಷ ಚೆನ್ನಾಗಿದ್ದೆ" ಅನ್ನುವುದು. ಕತ್ತಿನ ಆಪರೇಷನ್ ಆದವರು ಮತ್ತೆ ನೋವು ಅಂತ ಬಂದಾಗ ನಾವು ಸ್ಕ್ಯಾನ್ ನೋಡುವ ಮುಂಚೆ ಕೇಳುವುದು ಇದನ್ನೇ. ಆಪರೇಷನ್ ಆದ ಮೇಲೆ ಒಂದು ದಿನವೂ ಹಾಯೆನಿಸಲಿಲ್ಲ ಅಂದರೆ ಒಂದು ಅರ್ಥ. ನರದ ಮೇಲಿನ ಒತ್ತಡ ಪೂರ್ತಿ ಹೋಗಿಲ್ಲ, ಅಥವಾ ನೋವಿನ ಮೂಲ ಬೇರೆಲ್ಲೋ ಇತ್ತು, ಅಥವಾ ನರ ಮೊದಲೇ ಬಹಳ ಹಾಳಾಗಿತ್ತು. ಕೆಲವು ತಿಂಗಳು ಚೆನ್ನಾಗಿದ್ದು ಅದೇ ಜಾಗದಲ್ಲಿ ಅದೇ ನೋವು ತಿರುಗಿ ಬಂದರೆ ಇನ್ನೊಂದು ಅರ್ಥ. ಆಗ ಮೂಳೆ ಕೂಡಿಲ್ಲವೇ, ಸ್ಕ್ರೂ ಜರುಗಿದೆಯೇ, ಸೋಂಕು ಇದೆಯೇ ಎಂದು ಹುಡುಕುತ್ತೇವೆ. ವರ್ಷಗಟ್ಟಲೆ ಆರಾಮಾಗಿದ್ದು ಆಮೇಲೆ ಹೊಸ ಜಾಗದಲ್ಲಿ ಹೊಸ ತೊಂದರೆ ಶುರುವಾದರೆ, ಆಪರೇಷನ್ ಮಾಡಿದ ಜಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ತೊಂದರೆ ಅದರ ಪಕ್ಕದಲ್ಲಿರುತ್ತದೆ, ಇಲ್ಲವೇ ಕತ್ತಿಗೆ ಸಂಬಂಧವೇ ಇರುವುದಿಲ್ಲ.

ನೀವು ಈ ಮೂರನೇ ಗುಂಪಿನವರು. ಬೆರಳುಗಳೂ ಅದನ್ನೇ ಹೇಳುತ್ತಿವೆ. ಸಿ5-ಸಿ6 ಡಿಸ್ಕ್ ಒತ್ತಿದರೆ ಪೆಟ್ಟು ಬೀಳುವುದು ಆರನೇ ನರಕ್ಕೆ. ಅದರ ಜೋಮು ಹೆಬ್ಬೆರಳು, ತೋರುಬೆರಳಿಗೆ ಬರುತ್ತದೆ. ಸಿ6-ಸಿ7 ಒತ್ತಿದರೆ ಏಳನೇ ನರ, ಅದು ಮಧ್ಯದ ಬೆರಳು. ನಿಮ್ಮ ಹಳೇ ನೋವು ಅಲ್ಲೇ ಇತ್ತು, ಹೋಯಿತು, ಇವತ್ತಿಗೂ ಬಂದಿಲ್ಲ. ಈಗ ಜೋಮು ಹಿಡಿಯುತ್ತಿರುವುದು ಕಿರುಬೆರಳು, ಉಂಗುರ ಬೆರಳು. ಆ ಎರಡು ಬೆರಳಿಗೂ ನಿಮ್ಮ ಪ್ಲೇಟು ಕೂತಿರುವ ಜಾಗದ ನರಗಳಿಗೂ ನೇರ ಸಂಬಂಧ ಇಲ್ಲ. ಹಾಗಾಗಿ ಕೈಯ ಜೋಮನ್ನೇ ನೆಪ ಮಾಡಿಕೊಂಡು ಪ್ಲೇಟು ತೆಗೆಸಲು ಹೋಗಬೇಡಿ. ಗಂಟಲಿನ ವಿಷಯ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ, ಅದನ್ನು ನಾನು ಹಗುರವಾಗಿ ತಗೊಳ್ಳುತ್ತಿಲ್ಲ.

ಮೊದಲು ಪಕ್ಕದ ಡಿಸ್ಕಿನ ಮಾತು. ಕತ್ತಿನ ಮುಂದಿನಿಂದ ಡಿಸ್ಕ್ ತೆಗೆದು ಎರಡು ಮೂಳೆಗಳನ್ನು ಕೂಡಿಸುವ ಈ ಆಪರೇಷನ್ 1950ರ ದಶಕದಿಂದ ನಡೆದು ಬಂದಿದೆ. ಅಮೆರಿಕದ ರಾಬಿನ್ಸನ್ ಮತ್ತು ಸ್ಮಿತ್ ಒಂದು ವಿಧಾನ, ಕ್ಲೌವರ್ಡ್ ಇನ್ನೊಂದು ವಿಧಾನ ತೋರಿಸಿಕೊಟ್ಟರು. ಆಗ ಸೊಂಟದ ಮೂಳೆಯ ಚೂರು ತೆಗೆದು ತುಂಬುತ್ತಿದ್ದರು, ಈಗ ಜಾಸ್ತಿ ಕೇಜ್ ಬಳಸುತ್ತೇವೆ. ಯಾವುದೇ ಇರಲಿ, ಕೂಡಿದ ಮೂಳೆಗಳ ನಡುವೆ ಅಲುಗಾಟ ನಿಲ್ಲುತ್ತದೆ. ತಲೆ ಬಗ್ಗಿಸುವ, ಎತ್ತುವ ಕೆಲಸದ ಪಾಲು ಮೇಲಿನ ಮತ್ತು ಕೆಳಗಿನ ಡಿಸ್ಕುಗಳ ಮೇಲೆ ಜಾಸ್ತಿ ಬೀಳುತ್ತದೆ. ಜೊತೆಗೆ ವಯಸ್ಸಿನಿಂದ ಆಗುವ ಸವೆತ ಹೇಗೂ ಇದ್ದೇ ಇದೆ. 1999ರಲ್ಲಿ ಅಮೆರಿಕದ ಬೆನ್ನುಮೂಳೆ ಸರ್ಜನ್ ಹಿಲಿಬ್ರಾಂಡ್ ಮತ್ತು ಜೊತೆಗಾರರು 374 ರೋಗಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಲೆಕ್ಕ ಹಾಕಿದರು. ವರ್ಷಕ್ಕೆ ಸುಮಾರು ಶೇ. 2.9 ಜನರಿಗೆ ಪಕ್ಕದ ಡಿಸ್ಕಿನಿಂದ ಹೊಸ ತೊಂದರೆ ಬಂದಿತ್ತು. ಹತ್ತು ವರ್ಷಕ್ಕೆ ಅದು ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅನ್ನುವ ಅಂದಾಜು ಬಂತು. ಆ ಅಧ್ಯಯನದಲ್ಲಿ ಇನ್ನೊಂದು ಗಮನಿಸುವ ಸಂಗತಿ ಇದೆ. ಒಂದೇ ಡಿಸ್ಕ್ ಕೂಡಿಸಿದವರಿಗಿಂತ ಎರಡು ಮೂರು ಕೂಡಿಸಿದವರಲ್ಲಿ ಈ ತೊಂದರೆ ಕಮ್ಮಿ ಇತ್ತು! ಕೇಳಲು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಕಾರಣ ಇಷ್ಟೇ. ಕತ್ತಿನಲ್ಲಿ ಎಲ್ಲಕ್ಕಿಂತ ಬೇಗ ಸವೆಯುವುದು ಸಿ5-ಸಿ6 ಮತ್ತು ಸಿ6-ಸಿ7. ಅವೆರಡೂ ಕೂಡಿಹೋದರೆ ಹಾಳಾಗುವ ಸಾಧ್ಯತೆ ಜಾಸ್ತಿ ಇರುವ ಡಿಸ್ಕ್ ಪಕ್ಕದಲ್ಲಿ ಉಳಿಯುವುದೇ ಇಲ್ಲ. ನಿಮಗೆ ಆಗಿರುವುದೂ ಅವೇ ಎರಡು. ಮೂರು ಮೂಳೆ ಕೂಡಿಸಿಬಿಟ್ಟರಲ್ಲಾ ಅಂತ ನೀವು ಕೊರಗಬೇಕಿಲ್ಲ.

ನಿಮಗೆ ಈಗ ಉಳಿದಿರುವ ಪಕ್ಕದ ಡಿಸ್ಕುಗಳು ಎರಡು. ಮೇಲಿನದು ಸಿ4-ಸಿ5. ಅದು ಒತ್ತಿದರೆ ಐದನೇ ನರ, ಭುಜದ ತುದಿಯ ನೋವು, ತೋಳು ಎತ್ತಲು ಬಲ ಸಾಲದಿರುವುದು. ಕೆಳಗಿನದು ಏಳನೇ ಕತ್ತಿನ ಮೂಳೆಗೂ ಎದೆಯ ಮೊದಲ ಮೂಳೆಗೂ ನಡುವಿನದು. ಅದು ಒತ್ತಿದರೆ ಎಂಟನೇ ನರ. ಅದರ ಜೋಮು ಬರುವುದು ಕಿರುಬೆರಳು, ಉಂಗುರ ಬೆರಳಿಗೇ.

ಹಾಗಾದರೆ ಕೆಳಗಿನ ಡಿಸ್ಕೇ ಕಾರಣ ಅಂತ ತೀರ್ಮಾನಿಸಿಬಿಡಬಹುದೇ? ಬೇಡ. ಇದೇ ಎರಡು ಬೆರಳಿಗೆ ಜೋಮು ತರುವ ಇನ್ನೊಂದು ಜಾಗ ಇದೆ, ಮೊಣಕೈ. ಮೊಣಕೈಯ ಒಳಬದಿಯ ಗಂಟಿಗೆ ಏನಾದರೂ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಅಲ್ಲಿ ಅಲ್ನರ್ ಎಂಬ ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಮೇಜಿನ ಮೇಲೆ ಮೊಣಕೈ ಊರಿ ಗಂಟೆಗಟ್ಟಲೆ ಉತ್ತರ ಪತ್ರಿಕೆ ತಿದ್ದುವವರಿಗೆ, ಕೈ ಮಡಚಿ ಫೋನಿನಲ್ಲಿ ಮಾತಾಡುವವರಿಗೆ, ಮೊಣಕೈ ಮಡಚಿ ತಲೆ ಕೆಳಗೆ ಇಟ್ಟು ಮಲಗುವವರಿಗೆ ಆ ನರ ನಲುಗುತ್ತದೆ. ಶುಗರ್ ಇದ್ದವರಲ್ಲಿ ನರಗಳು ಮೊದಲೇ ಸೂಕ್ಷ್ಮ, ಹಾಗಾಗಿ ಇನ್ನೂ ಬೇಗ. ಇದನ್ನು ನೋಡದೆ ಕತ್ತಿಗೆ ಇನ್ನೊಂದು ಆಪರೇಷನ್ ಮಾಡಿಸಿದರೆ ಬೆರಳಿನ ಜೋಮು ಹಾಗೇ ಉಳಿಯುತ್ತದೆ.

ಎರಡನ್ನೂ ಬೇರೆ ಮಾಡುವ ಕೆಲವು ಗುರುತುಗಳನ್ನು ನೀವೇ ಮನೆಯಲ್ಲಿ ನೋಡಿಕೊಳ್ಳಬಹುದು. ಉಂಗುರ ಬೆರಳನ್ನು ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಹತ್ತಿಯ ಎಳೆಯಿಂದ ಎರಡೂ ಬದಿ ಮುಟ್ಟಿ ನೋಡಿ. ಕಿರುಬೆರಳ ಕಡೆಯ ಅರ್ಧ ಮಾತ್ರ ಮರಗಟ್ಟಿದ್ದು ಆಚೆ ಅರ್ಧ ಸರಿಯಿದ್ದರೆ ಮೊಣಕೈಯ ಮೇಲೆ ಅನುಮಾನ ಜಾಸ್ತಿ. ಇಡೀ ಬೆರಳು ಮಂದವಾಗಿದ್ದರೆ ಕತ್ತಿನ ಮೇಲೆ ಅನುಮಾನ. ಆಮೇಲೆ ಮುಂಗೈಯ ಒಳಬದಿ, ಅಂದರೆ ಕಿರುಬೆರಳಿನ ಸಾಲಿನಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಮುಟ್ಟಿ ನೋಡಿ. ಅಲ್ನರ್ ನರದ ಕಾರುಬಾರು ಮಣಿಕಟ್ಟಿನ ಹತ್ತಿರಕ್ಕೆ ಮುಗಿಯುತ್ತದೆ. ಅದಕ್ಕಿಂತ ಮೇಲಕ್ಕೂ ಜೋಮಿದ್ದರೆ ಮೂಲ ಮೊಣಕೈಯಲ್ಲಿಲ್ಲ, ಮೇಲೆ ಎಲ್ಲೋ ಇದೆ. ಇನ್ನೊಂದು, ಹೆಬ್ಬೆರಳಿನ ಬಲ. ಎಡಗೈ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಿರಿ, ಮನೆಯವರು ಅದನ್ನು ಕೆಳಕ್ಕೆ ಒತ್ತಲಿ. ಬಲಗೈಗೂ ಹಾಗೇ ಮಾಡಿ. ಹೆಬ್ಬೆರಳು ಎತ್ತುವ ಸ್ನಾಯುವಿಗೆ ಅಲ್ನರ್ ನರದ ಪಾಲಿಲ್ಲ, ಎಂಟನೇ ನರದ ಪಾಲಿದೆ. ಎಡಗಡೆ ಮಾತ್ರ ಸೋಲುತ್ತಿದ್ದರೆ ಕತ್ತಿನ ಕಡೆ ನೋಡಬೇಕು. ಬೋರ್ಡಿನ ಮೇಲ್ಭಾಗದಲ್ಲಿ ಬರೆಯುವಾಗ, ತಲೆ ಹಿಂದಕ್ಕೆ ಎತ್ತಿದಾಗ ಕೈಗೆ ನೋವು ಹರಿದರೆ ಅದೂ ಕತ್ತಿನ ಗುರುತು. ರಾತ್ರಿ ಜೋಮಿಗೆ ಎಚ್ಚರವಾಗಿ, ಮೊಣಕೈ ನೀಟಾಗಿ ಚಾಚಿದ ತಕ್ಷಣ ಹಗುರಾದರೆ ಮೊಣಕೈಯದು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಹೋಗಿ. ಡಾಕ್ಟರಿಗೆ ಇದರಿಂದ ನಿಜವಾಗಿ ಸಹಾಯ ಆಗುತ್ತದೆ. ಕೊನೆಗೆ ತೀರ್ಮಾನಕ್ಕೆ ನರ್ವ್ ಕಂಡಕ್ಷನ್ ಪರೀಕ್ಷೆ, ಅಂದರೆ ನರದಲ್ಲಿ ಕರೆಂಟ್ ಹೇಗೆ ಹರಿಯುತ್ತದೆ ಎಂದು ನೋಡುವ ಪರೀಕ್ಷೆ ಇದೆ. ಅದಕ್ಕೂ ಎಂಆರ್‌ಐಗೂ ತಾಳೆ ನೋಡಬೇಕು.

ಭುಜದ ನೋವನ್ನೂ ಸುಮ್ನೆ ಕತ್ತಿನ ಲೆಕ್ಕಕ್ಕೆ ಸೇರಿಸಬೇಡಿ. ಶುಗರ್ ಇರುವವರಿಗೆ ಭುಜ ಹಿಡಿದುಕೊಳ್ಳುವುದು, ನಾವು ಫ್ರೋಜನ್ ಶೋಲ್ಡರ್ ಅನ್ನುವುದು, ಬೇರೆಯವರಿಗಿಂತ ಜಾಸ್ತಿ. ಬೇರೆಯವರು ನಿಮ್ಮ ತೋಳನ್ನು ಹಿಡಿದು ಹೊರಕ್ಕೆ ತಿರುಗಿಸಿದರೂ ತಿರುಗದಿದ್ದರೆ, ಅಂಗಿ ತೋಳು ಹಾಕಿಕೊಳ್ಳುವಾಗ ಜೀವ ಹೋದಂತಾದರೆ, ಅದು ಭುಜದ ಕೀಲಿನದು. ಕತ್ತಿನ ನರದ ತೊಂದರೆಯಲ್ಲಿ ತೋಳನ್ನು ನೀವೇ ಎತ್ತಲು ಕಷ್ಟವಾಗಬಹುದು, ಆದರೆ ಬೇರೆಯವರು ಎತ್ತಿದರೆ ಸಲೀಸಾಗಿ ಹೋಗುತ್ತದೆ.

ಈಗ ಗಂಟಲು. ಮುಂದಿನಿಂದ ಆಪರೇಷನ್ ಮಾಡುವಾಗ ಅನ್ನನಾಳ ಮತ್ತು ಶ್ವಾಸನಾಳವನ್ನು ಒಂದು ಪಕ್ಕಕ್ಕೆ ಸರಿಸಿ ಮೂಳೆ ಮುಟ್ಟುತ್ತೇವೆ. ಹಾಗಾಗಿ ಆಪರೇಷನ್ ಆದ ಕೂಡಲೇ ನುಂಗಲು ಕಷ್ಟವಾಗುವುದು ಬಹಳ ಸಾಮಾನ್ಯ. ಬಹುತೇಕರಿಗೆ ಮೂರು ತಿಂಗಳೊಳಗೆ ಹೋಗುತ್ತದೆ, ಕೆಲವರಿಗೆ ಒಂದಷ್ಟು ಉಳಿಯುತ್ತದೆ. ನಿಮ್ಮದು ಹಾಗಲ್ಲ. ಐದು ವರ್ಷದ ಮೇಲೆ, ಹೊಸದಾಗಿ, ಗಟ್ಟಿ ಪದಾರ್ಥಕ್ಕೆ ಮಾತ್ರ ಶುರುವಾಗಿದೆ. ಇದನ್ನು ಆಪರೇಷನ್ನಿನ ಹಳೇ ಊತ ಅನ್ನಲು ಬರುವುದಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಲೂ ಬರುವುದಿಲ್ಲ.

ಎರಡು ದಿಕ್ಕಿನಲ್ಲಿ ನೋಡಬೇಕು. ಒಂದು ಪ್ಲೇಟಿನ ದಿಕ್ಕು. ಸ್ಕ್ರೂ ಸಡಿಲವಾಗಿ ಮುಂದಕ್ಕೆ ಎದ್ದು ಬಂದರೆ ಅದು ಅನ್ನನಾಳದ ಹಿಂಬದಿಗೆ ಒತ್ತುತ್ತದೆ. ಪ್ಲೇಟಿನ ತುದಿ ಪಕ್ಕದ ಡಿಸ್ಕಿಗೆ ತೀರಾ ಹತ್ತಿರ ಇದ್ದರೆ, ಸುಮಾರು 5 ಮಿ.ಮೀ.ಗಿಂತ ಕಮ್ಮಿ ಅಂತರ ಇದ್ದರೆ, ವರ್ಷಗಳಲ್ಲಿ ಅಲ್ಲಿ ಹೊಸ ಮೂಳೆ ಬೆಳೆದು ಮುಂದಕ್ಕೆ ಚಾಚುವುದೂ ಉಂಟು. ಬಹಳ ಅಪರೂಪಕ್ಕೆ ಸ್ಕ್ರೂ ಅನ್ನನಾಳವನ್ನು ಕೊರೆದು ತೂತು ಮಾಡುತ್ತದೆ. ಹಾಗೆ ಕೊರೆದ ಸ್ಕ್ರೂ ಹೊಟ್ಟೆಗಿಳಿದು ಮಲದಲ್ಲಿ ಹೊರಬಂದ ಉದಾಹರಣೆಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಇದು ವರ್ಷಗಳಾದ ಮೇಲೂ ಆಗಬಹುದು ಅನ್ನುವುದು ಗೊತ್ತಿರಲಿ ಅಂತ ಹೇಳುತ್ತಿದ್ದೇನೆ. ಜ್ವರ, ಕತ್ತಿನ ಮುಂದೆ ಊತ, ಒತ್ತಿದರೆ ಚರ್ಮದ ಕೆಳಗೆ ಗಾಳಿ ಸೇರಿದಂತೆ ಚರಚರ ಅನ್ನುವುದು, ನೀರು ಕುಡಿದರೆ ಕೆಮ್ಮು, ಉಗುಳು ನುಂಗಲೂ ಆಗದಿರುವುದು, ರಕ್ತ ಕಾರುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಅಂತ ಕಾಯಬಾರದು.

ಇನ್ನೊಂದು ದಿಕ್ಕು ಕತ್ತಿನ ಆಪರೇಷನ್ನಿಗೆ ಸಂಬಂಧವೇ ಇಲ್ಲದ್ದು. 50 ದಾಟಿದವರಿಗೆ ಹೊಸದಾಗಿ ಗಟ್ಟಿ ಪದಾರ್ಥ ಗಂಟಲಲ್ಲಿ ನಿಲ್ಲಲು ಶುರುವಾದರೆ, ಕತ್ತಿನಲ್ಲಿ ಪ್ಲೇಟು ಇರಲಿ ಬಿಡಲಿ, ಎಂಡೋಸ್ಕೋಪಿ ಆಗಲೇಬೇಕು. ಅನ್ನನಾಳ ಕಿರಿದಾಗಿರಬಹುದು, ಆಸಿಡ್‌ನಿಂದ ಹುಣ್ಣಾಗಿರಬಹುದು, ಗಡ್ಡೆ ಇರಬಹುದು. ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ ಇದ್ದರಂತೂ ತಡ ಮಾಡುವ ಹಾಗೇ ಇಲ್ಲ. ನೀವು ಅದನ್ನು ಬರೆದಿಲ್ಲ, ಆದರೆ ಡಾಕ್ಟರು ಕೇಳಿದರೆ ಮುಚ್ಚುಮರೆ ಮಾಡಬೇಡಿ. ಎಂಡೋಸ್ಕೋಪಿಗೆ ಹೋದಾಗ "ಕತ್ತಿನಲ್ಲಿ ಪ್ಲೇಟು ಇದೆ, ನುಂಗಲು ಕಷ್ಟ" ಅಂತ ಮೊದಲೇ ಹೇಳಿ. ಸ್ಕ್ರೂ ಎದ್ದಿದೆಯೇ ಎಂದು ಎಕ್ಸ್‌ರೇ ನೋಡಿಕೊಂಡೇ ಅವರು ಒಳಗೆ ಕೊಳವೆ ಇಳಿಸಬೇಕು. ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ಬೇರಿಯಂ ದ್ರಾವಣ ಕುಡಿಸಿ ಪಕ್ಕದಿಂದ ಎಕ್ಸ್‌ರೇ ತೆಗೆದರೆ ಪ್ಲೇಟು, ಅನ್ನನಾಳ ಎರಡೂ ಒಂದೇ ಚಿತ್ರದಲ್ಲಿ ಕಾಣುತ್ತವೆ. ತೂತಿನ ಅನುಮಾನ ಇದ್ದರೆ ಬೇರಿಯಂ ಬದಲು ಬೇರೆ ದ್ರಾವಣ ಬಳಸುತ್ತಾರೆ. ಅಲ್ಲಿಯವರೆಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ. ಒಣ ಮಂಡಕ್ಕಿ ಸ್ವಲ್ಪ ದಿನ ಬೇಡ.

"ಪ್ಲೇಟು ಸಡಿಲ ಆಗಿರಬಹುದು" ಅನ್ನುವ ಮಾತನ್ನು ಎಕ್ಸ್‌ರೇ ಇಲ್ಲದೆ ಯಾರೂ ಹೇಳಲು ಬರುವುದಿಲ್ಲ. ಮೂಳೆ ಕೂಡಲು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಕೂಡುವವರೆಗೆ ಹಿಡಿದು ನಿಲ್ಲಿಸುವುದಷ್ಟೇ ಪ್ಲೇಟಿನ ಕೆಲಸ. ಆಮೇಲೆ ಅದು ಅಲ್ಲೇ ಇರುತ್ತದೆ, ಜೀವಮಾನ ಪೂರ್ತಿ ಇದ್ದರೂ ತೊಂದರೆ ಇಲ್ಲ. ಕೈಕಾಲು ಮುರಿದಾಗ ಹಾಕಿದ ರಾಡ್ ತೆಗೆಸುವ ಹಾಗೆ ಇದನ್ನೂ ತೆಗೆಸಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಬೇಕಿಲ್ಲ. ಮೂಳೆ ಕೂಡದೇ ಉಳಿದರೆ ಮಾತ್ರ ಒಳಗೆ ಸಣ್ಣ ಅಲುಗಾಟ ಮುಂದುವರಿದು ಸ್ಕ್ರೂ ಸುತ್ತ ಮೂಳೆ ಸವೆದು ಸಡಿಲವಾಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ, ಹಲವು ಡಿಸ್ಕ್ ಒಟ್ಟಿಗೆ ಕೂಡಿಸಿದವರಲ್ಲಿ ಇದು ಜಾಸ್ತಿ. ಹೀಗೆ ಮೂಳೆ ಕೂಡದ ಎಷ್ಟೋ ಜನರಿಗೆ ಯಾವ ನೋವೂ ಇರುವುದಿಲ್ಲ, ಅವರಿಗೆ ಏನೂ ಮಾಡಬೇಕಿಲ್ಲ. ನೋವಿದ್ದರೆ ಹಿಂಬದಿಯಿಂದ ಸ್ಕ್ರೂ ಹಾಕಿ ಕೂಡಿಸುವ ದಾರಿ ಇದೆ, ಅದರ ಫಲ ಚೆನ್ನಾಗಿದೆ.

ಈಗ ತಡಮಾಡಲೇಬಾರದ ಸಂಗತಿ. ಒಂದು ನರ ಒತ್ತುವುದಕ್ಕೂ ಬೆನ್ನುಹುರಿ ಒತ್ತುವುದಕ್ಕೂ ಬಹಳ ವ್ಯತ್ಯಾಸ ಇದೆ. ನರ ಒತ್ತಿದರೆ ನೋವು ಜೋರು, ಹಾಗಾಗಿ ರೋಗಿ ತಾನೇ ಓಡಿ ಬರುತ್ತಾನೆ. ಬೆನ್ನುಹುರಿ ಒತ್ತಿದರೆ ನೋವೇ ಇಲ್ಲದಿರಬಹುದು. ಕೈ ಒರಟಾಗುತ್ತದೆ, ಅಷ್ಟೇ. ಅಂಗಿ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ಸೀಮೆಸುಣ್ಣ ಜಾರುತ್ತದೆ. ಅಕ್ಷರ ಕೆಡುತ್ತದೆ. ಅನ್ನ ಕಲಸುವಾಗ ಬೆರಳು ಹೇಳಿದ ಮಾತು ಕೇಳುವುದಿಲ್ಲ. ಕಾಲು ಬಿಗಿಯಾಗಿ, ಕತ್ತಲಲ್ಲಿ ನಡೆಯುವಾಗ ತೂರಾಡಿದಂತಾಗುತ್ತದೆ. ಕಾಲಿನಿಂದ ಚಪ್ಪಲಿ ಜಾರಿ ಹಿಂದೆ ಉಳಿದಿದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಗುತ್ತದೆ. ಚಪ್ಪಲಿಯ ಈ ಮಾತನ್ನು ನಮ್ಮ ರೋಗಿಗಳು ತಾವಾಗಿ ಹೇಳುವುದೇ ಇಲ್ಲ, ಕೇಳಿದರೆ ಮಾತ್ರ ಹೌದು ಅನ್ನುತ್ತಾರೆ. ತಲೆ ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟ್ ಹರಿದಂತಾಗುವುದು, ಮೂತ್ರ ತಡೆಯಲಾಗದೆ ಓಡುವುದು ಅಥವಾ ಹೋದರೆ ಬಾರದಿರುವುದು, ಇವೂ ಸೇರಿವೆ. ಪಕ್ಕದ ಡಿಸ್ಕ್ ಬೆನ್ನುಹುರಿಯನ್ನೇ ಒತ್ತಲು ಶುರು ಮಾಡಿದರೆ ಹೀಗಾಗುತ್ತದೆ.

ಇವತ್ತೇ ಒಂದು ಪರೀಕ್ಷೆ ಮಾಡಿ. ಮನೆಯವರ ಕೈಗೆ ಗಡಿಯಾರ ಕೊಡಿ. ಅಂಗೈ ಕೆಳಮುಖ ಮಾಡಿ, ಮುಷ್ಟಿ ಪೂರ್ತಿ ಮುಚ್ಚಿ ಪೂರ್ತಿ ಬಿಚ್ಚಿ, ಎಷ್ಟು ವೇಗವಾಗಿ ಆಗುತ್ತದೋ ಅಷ್ಟು. 10 ಸೆಕೆಂಡಿನಲ್ಲಿ ಆರೋಗ್ಯವಂತರು 20 ಅಥವಾ ಅದಕ್ಕಿಂತ ಜಾಸ್ತಿ ಸಲ ಮಾಡುತ್ತಾರೆ. ನಿಮ್ಮದು ಅದಕ್ಕಿಂತ ಬಹಳ ಕಮ್ಮಿ ಬಂದರೆ, ಅಥವಾ ಬೆರಳು ನಿಧಾನವಾಗಿ ಬಿಚ್ಚುತ್ತಾ ಮಣಿಕಟ್ಟು ವಿಚಿತ್ರವಾಗಿ ಬಾಗಿದರೆ, ಈ ವಾರವೇ ನರಶಸ್ತ್ರಚಿಕಿತ್ಸಕರನ್ನು ಕಾಣಿ. ಬೆನ್ನುಹುರಿಯ ಒತ್ತಡಕ್ಕೆ ಮಾತ್ರೆ, ಎಣ್ಣೆ, ವ್ಯಾಯಾಮದಿಂದ ಪರಿಹಾರ ಇಲ್ಲ. ತಡವಾದಷ್ಟೂ ಹಾಳಾದದ್ದು ತಿರುಗಿ ಬರುವ ಆಸೆ ಕಮ್ಮಿ. ಕೈ ಚುರುಕಾಗಿದ್ದರೆ, ನಡಿಗೆ ಸರಿಯಿದ್ದರೆ, ಉಳಿದದ್ದನ್ನು ಸಮಾಧಾನವಾಗಿ ಹುಡುಕಲು ನಮಗೆ ಸಮಯ ಇದೆ.

ಮೆಟ್‌ಫಾರ್ಮಿನ್ ಮಾತು ಬರೆದದ್ದು ಒಳ್ಳೆಯದಾಯಿತು. ವರ್ಷಗಟ್ಟಲೆ ಅದನ್ನು ತಗೊಂಡವರಲ್ಲಿ ಬಿ12 ಕಮ್ಮಿಯಾಗುತ್ತದೆ. ಸಸ್ಯಾಹಾರಿಗಳಾದರೆ ಇನ್ನೂ ಜಾಸ್ತಿ. ಬಿ12 ಕೊರತೆ ನರ, ಬೆನ್ನುಹುರಿ ಎರಡನ್ನೂ ಹಾಳು ಮಾಡಿ, ಥೇಟ್ ಕತ್ತಿನ ತೊಂದರೆಯ ಹಾಗೇ ಕಾಣಿಸಿಕೊಳ್ಳಬಹುದು. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಇಂಜೆಕ್ಷನ್ನಿಗೆ ಬಗ್ಗುತ್ತದೆ. ಮೆಟ್‌ಫಾರ್ಮಿನ್ ನೀವಾಗಿಯೇ ನಿಲ್ಲಿಸಬೇಡಿ. ಶುಗರ್ ಇರುವವರಿಗೆ ತಡವಾಗಿ ಸೋಂಕು ಆಗುವುದೂ ಉಂಟು, ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ಮರೆಯುವ ಹಾಗಿಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಸೋಂಕು, ಉರಿಯೂತದ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ನೋಡಬೇಕು.

ಪರೀಕ್ಷೆಗಳನ್ನು ಹೀಗೆ ಮಾಡಿಸಿ. ಮೊದಲು ಕತ್ತಿನ ಎಕ್ಸ್‌ರೇ. ನೇರವಾಗಿ, ಪಕ್ಕದಿಂದ, ತಲೆ ಬಗ್ಗಿಸಿ, ತಲೆ ಎತ್ತಿ. ಖರ್ಚು ಕಮ್ಮಿ, ಪ್ಲೇಟಿನ ಬಗ್ಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ಆದರೆ ಐದು ವರ್ಷದ ಹಿಂದಿನ ಎಕ್ಸ್‌ರೇ ಪಕ್ಕಕ್ಕಿಟ್ಟು ನೋಡಿದರೆ ಮಾತ್ರ. ಸ್ಕ್ರೂ ಈಗ ಹೀಗಿದೆ ಅನ್ನುವುದಕ್ಕಿಂತ ಆಗ ಹೇಗಿತ್ತು ಅನ್ನುವುದು ಮುಖ್ಯ. ಬೀರುವಿನ ಮೇಲೆ, ಮಂಚದ ಕೆಳಗೆ ಹುಡುಕಿ. ಹಳೇ ಫಿಲಂ, ಸಿಡಿ, ಡಿಸ್ಚಾರ್ಜ್ ಸಾರಾಂಶ, ಪ್ಲೇಟಿನ ಸ್ಟಿಕ್ಕರ್ ಅಂಟಿಸಿದ ಹಾಳೆ ಎಲ್ಲ ತನ್ನಿ. ಸಿಗದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಡಿ. ಮೂಳೆ ಕೂಡಿದೆಯೇ ಅನ್ನುವುದು ಸಿಟಿ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ನರ, ಬೆನ್ನುಹುರಿಗೆ ಎಂಆರ್‌ಐ. ಟೈಟಾನಿಯಂ ಪ್ಲೇಟು ಇದ್ದರೆ ಎಂಆರ್‌ಐ ಮಾಡಿಸಬಹುದು, ಪ್ಲೇಟಿನ ಸುತ್ತ ಸ್ವಲ್ಪ ಮಸುಕಾಗುತ್ತದೆ ಅಷ್ಟೇ. ಇನ್ನೊಂದು ಎಚ್ಚರಿಕೆ. ನಿಮ್ಮ ವಯಸ್ಸಿನಲ್ಲಿ ನೋವೇ ಇಲ್ಲದವರ ಎಂಆರ್‌ಐನಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ವರದಿಯಲ್ಲಿ ಉಬ್ಬು ಅಂತ ಬಂದಿದ್ದಕ್ಕೇ ಆಪರೇಷನ್ ಅಂದರೆ ಒಪ್ಪಬೇಡಿ. ಬೆರಳು, ಬಲ, ನರದ ಪರೀಕ್ಷೆ, ಚಿತ್ರ ನಾಲ್ಕೂ ಒಂದೇ ನರವನ್ನು ತೋರಿಸಬೇಕು.

ಮೊಣಕೈಯದು ಅಂತ ಬಂದರೆ ಮೊಣಕೈ ಊರುವುದು ಬಿಡಿ, ರಾತ್ರಿ ಒಂದು ಟವೆಲ್ ಸಡಿಲವಾಗಿ ಸುತ್ತಿ ಕೈ ಮಡಚದಂತೆ ಮಾಡಿ ಮಲಗಿ. ಸಣ್ಣ ಮಟ್ಟದ್ದು ಇಷ್ಟಕ್ಕೇ ಹೋಗುತ್ತದೆ. ಕೈಯ ಸ್ನಾಯು ಬತ್ತುತ್ತಿದ್ದರೆ ಮೊಣಕೈಯಲ್ಲಿ ಚಿಕ್ಕ ಆಪರೇಷನ್ ಸಾಕು. ಕತ್ತಿನ ಎಂಟನೇ ನರದ್ದೇ ಆದರೂ, ಬಲ ಕುಂದಿಲ್ಲದಿದ್ದರೆ, ಆರರಿಂದ ಹನ್ನೆರಡು ವಾರ ಮಾತ್ರೆ, ಫಿಸಿಯೋಥೆರಪಿಯಲ್ಲಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಆಪರೇಷನ್ ಮಾತು. ಆ ಮಟ್ಟವನ್ನು ಮುಂದಿನಿಂದ ಮುಟ್ಟುವುದು ಕಷ್ಟ, ಭುಜ ಮತ್ತು ಎದೆಮೂಳೆ ಅಡ್ಡ ಬರುತ್ತವೆ. ಹಿಂದಿನಿಂದ ಚಿಕ್ಕ ಕಿಂಡಿ ಮಾಡಿ ನರದ ದಾರಿ ಬಿಡಿಸಿದರೆ ಹೊಸ ಪ್ಲೇಟೂ ಬೇಡ, ಇನ್ನೊಂದು ಮೂಳೆ ಕೂಡಿಸುವುದೂ ಬೇಡ. ಈ ದಾರಿ ನಿಮಗೆ ಆಗುತ್ತದೆಯೇ ಎಂದು ನಿಮ್ಮ ಸರ್ಜನ್ನರನ್ನು ಕೇಳಿ.

ಯಾವುದೇ ಕಾರಣಕ್ಕೆ ಎರಡನೇ ಸಲವೂ ಮುಂದಿನಿಂದಲೇ ಹೋಗಬೇಕಾದರೆ ಒಂದು ವಿಷಯಕ್ಕೆ ಪಟ್ಟು ಹಿಡಿಯಿರಿ. ಇಎನ್‌ಟಿ ಡಾಕ್ಟರಿಂದ ಧ್ವನಿ ತಂತುಗಳನ್ನು ನೋಡಿಸಿ, ನಿಮ್ಮ ಧ್ವನಿ ಚೆನ್ನಾಗಿದ್ದರೂ ಸರಿ. ಮೊದಲ ಆಪರೇಷನ್ನಿನಲ್ಲಿ ಒಂದು ಪಕ್ಕದ ಧ್ವನಿ ನರಕ್ಕೆ ಪೆಟ್ಟು ಬಿದ್ದು ಆ ತಂತು ನಿಂತುಹೋಗಿದ್ದರೂ, ಇನ್ನೊಂದು ತಂತು ಸರಿದೂಗಿಸಿ ಮಾತು ಚೆನ್ನಾಗಿಯೇ ಇರಬಹುದು. ಹಳೇ ಗಾಯದ ಕಲೆ ತಪ್ಪಿಸಲು ಸರ್ಜನ್ ಈ ಸಲ ಇನ್ನೊಂದು ಪಕ್ಕದಿಂದ ಹೋಗಿ, ಆ ನರಕ್ಕೂ ಪೆಟ್ಟಾದರೆ ಎರಡೂ ತಂತು ನಿಂತು ಉಸಿರಾಟದ ದಾರಿಯೇ ಮುಚ್ಚುತ್ತದೆ. ಕುತ್ತಿಗೆಗೆ ತೂತು ಮಾಡಿ ಉಸಿರಾಡಿಸುವ ಸ್ಥಿತಿ ಬರುತ್ತದೆ. ಐದು ನಿಮಿಷದ ಪರೀಕ್ಷೆ ಇದನ್ನು ತಪ್ಪಿಸುತ್ತದೆ. ಪಾಠ ಹೇಳಿ ಬದುಕುವವರು ನೀವು, ಇದನ್ನು ಬಿಡಲೇಬೇಡಿ. ಶುಗರ್ ಕೂಡ ಹತೋಟಿಗೆ ಬಂದ ಮೇಲೆಯೇ ಆಪರೇಷನ್. ಮೂರು ತಿಂಗಳ ಸರಾಸರಿ ಎಚ್‌ಬಿಎ1ಸಿ 8ಕ್ಕಿಂತ ಕೆಳಗಿರಲಿ ಅಂತ ಬಹಳ ಸರ್ಜನ್ನರು ಬಯಸುತ್ತಾರೆ. ಬೆನ್ನುಹುರಿಯ ಒತ್ತಡದ ತುರ್ತಿದ್ದರೆ ಮಾತ್ರ ಅದಕ್ಕೆ ಕಾಯುವುದಿಲ್ಲ.

ಕೃತಕ ಡಿಸ್ಕ್ ಬಗ್ಗೆ ಕೇಳಿದ್ದೀರಿ. ಅಮೆರಿಕದಲ್ಲಿ ಕತ್ತಿಗೆ ಮೊದಲ ಕೃತಕ ಡಿಸ್ಕಿಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ, ಮೂಳೆ ಕೂಡಿಸಿದವರಿಗಿಂತ ಕೃತಕ ಡಿಸ್ಕಿನವರಿಗೆ ಮತ್ತೆ ಆಪರೇಷನ್ ಬೇಕಾದದ್ದು ಕಮ್ಮಿ ಎಂದು ಕಂಡಿದೆ. ಆದರೆ ಅದು ಎಲ್ಲರಿಗೂ ಹೊಂದುವುದಿಲ್ಲ. ಹಿಂಬದಿಯ ಕೀಲುಗಳು ಸವೆದಿದ್ದರೆ, ಮೂಳೆ ಟೊಳ್ಳಾಗಿದ್ದರೆ, ಆ ಜಾಗ ಮೊದಲೇ ಬಿಗಿದುಕೊಂಡಿದ್ದರೆ ಹಾಕುವುದಿಲ್ಲ. ಹಾಕಿದ ಮೇಲೂ ಕೆಲವರಿಗೆ ಸುತ್ತ ಮೂಳೆ ಬೆಳೆದು ಅಲುಗಾಟ ನಿಂತುಹೋಗುತ್ತದೆ. ನಿಮಗೆ ಸಿಕ್ಕ ಆಪರೇಷನ್ ತಪ್ಪಾಗಿರಲಿಲ್ಲ. ಕೈ ನೋವು ಪೂರ್ತಿ ಹೋಗಿದೆಯಲ್ಲ.

ಇದನ್ನು ಓದುತ್ತಿರುವ, ಕತ್ತಿನ ಹಿಂಬದಿಯಿಂದ ಆಪರೇಷನ್ ಆದವರಿಗೆ ಎರಡು ಮಾತು. ಬೆನ್ನುಹುರಿಯ ಹಿಂದಿನ ಮೂಳೆಯ ಕಮಾನು ತೆಗೆದ ಮೇಲೆ ವರ್ಷಗಳಲ್ಲಿ ಕತ್ತು ಮುಂದಕ್ಕೆ ಬಾಗಿ, ತಲೆ ಎತ್ತಿ ಹಿಡಿಯಲು ಆಯಾಸವಾಗಬಹುದು. ಬೆನ್ನುಹುರಿಯ ಮುಂದಿನ ಪಟ್ಟಿ ಮೂಳೆಯಾಗುವ ಕಾಯಿಲೆಗೆ, ಅಂದರೆ ಒಪಿಎಲ್‌ಎಲ್‌ಗೆ ಆಪರೇಷನ್ ಆಗಿದ್ದರೆ ಅದು ಮತ್ತೆ ಬೆಳೆಯಬಹುದು. ಆರಾಮಾಗಿದ್ದರೂ ಹೇಳಿದಾಗ ಹೋಗಿ ತೋರಿಸಿ.

ಸಲೂನಿನಲ್ಲಿ ಕಟಿಂಗ್ ಆದ ಮೇಲೆ ತಲೆ ಹಿಡಿದು ಲಟ್ಟನೆ ಕತ್ತು ತಿರುಗಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ನಿಮಗೆ ಅದು ಖಂಡಿತ ಬೇಡ. ಕೂಡಿದ ಮೂಳೆ ತಿರುಗುವುದಿಲ್ಲ, ಆ ಪೆಟ್ಟೆಲ್ಲ ಸೊರಗಿದ ಪಕ್ಕದ ಡಿಸ್ಕಿಗೆ ಬೀಳುತ್ತದೆ. ಕೂರುವ ಮುಂಚೆಯೇ ಹೇಳಿಬಿಡಿ. ನಾಟಿ ವೈದ್ಯರು ಎಣ್ಣೆ ಹಚ್ಚಿ ನೀವುವುದಕ್ಕೆ ಅಡ್ಡಿಯಿಲ್ಲ, ಕತ್ತು ಎಳೆಯುವುದು, ತಿರುಗಿಸುವುದು ಬೇಡ. ಯೋಗ ಮಾಡುವವರಾದರೆ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬಿಡಿ. ಬೋರ್ಡಿನ ಮೇಲೆ ಕಣ್ಣಿನ ಮಟ್ಟದಲ್ಲೇ ಬರೆಯಿರಿ. ಮುಂದೆ ಬೇರೆ ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ಕತ್ತಿನ ಪ್ಲೇಟಿನ ವಿಷಯ ಹೇಳಿ. ಕೊಳವೆ ಹಾಕುವಾಗ ತಲೆ ಎಷ್ಟು ಹಿಂದಕ್ಕೆ ಬಗ್ಗಿಸಬೇಕು ಅನ್ನುವುದು ಅವರಿಗೆ ಮುಖ್ಯ.

ಧರ್ಮಸ್ಥಳಕ್ಕೆ ಹೋಗಬಹುದೇ? ಮುಷ್ಟಿ ಪರೀಕ್ಷೆ ಸರಿ ಬಂದು, ನಡಿಗೆ ಚೆನ್ನಾಗಿದ್ದು, ಎಕ್ಸ್‌ರೇಯಲ್ಲಿ ಸ್ಕ್ರೂ ಜಾಗದಲ್ಲೇ ಇದ್ದರೆ ಹೋಗಿ ಬನ್ನಿ. ಹಿಂದಿನ ಸೀಟು ಬೇಡ, ಬಸ್ಸಿನ ನಡುಭಾಗದಲ್ಲಿ ಕೂರಿ. ಚಾರ್ಮಾಡಿ ಘಾಟಿಯಲ್ಲಿ ತಿರುವು ಜಾಸ್ತಿ, ಅಲ್ಲಿ ನಿದ್ದೆ ಹೋದರೆ ತಲೆ ವಾಲಾಡುತ್ತದೆ. ಮೆತ್ತನೆಯ ಕಾಲರ್ ಇದ್ದರೆ ಪ್ರಯಾಣದ ಹೊತ್ತಿಗೆ ಮಾತ್ರ ಹಾಕಿಕೊಳ್ಳಿ, ಇಳಿದ ಮೇಲೆ ತೆಗೆಯಿರಿ. ದಿನಗಟ್ಟಲೆ ಹಾಕಿಕೊಂಡರೆ ಕತ್ತಿನ ಸ್ನಾಯು ಸೊರಗುತ್ತದೆ. ಗಂಟಲಿನ ಪರೀಕ್ಷೆಯನ್ನು ಮಾತ್ರ ಹೊರಡುವ ಮುಂಚೆಯೇ ಮಾಡಿಸಿ. ಹೋಗಿ ಬಂದ ಮೇಲೆ ನೋಡೋಣ ಅಂತ ಮುಂದಕ್ಕೆ ಹಾಕಬೇಡಿ.